ದೀಕ್ಷಾಸ್ನಾನದ ನೀರು ಮತ್ತು 1950ರ ಆದೇಶ

ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲ, ಆದ್ದರಿಂದ ದಲಿತ ಕ್ರೈಸ್ತರೆಂಬವರೂ ಇಲ್ಲ, ಇಲ್ಲದವರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಎಲ್ಲಿಯದು ಎಂಬ ವಾದವನ್ನು ಕಂಠಪಾಠ ಮಾಡಿಕೊಂಡವರ ಬೈಬಲ್ ಭಕ್ತಿ ಮೆಚ್ಚತಕ್ಕದ್ದು. ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ ಎಂಬ ಭೇದಗಳು ಕ್ರಿಸ್ತನಲ್ಲಿ ಅಳಿದವೆಂದು ಪೌಲನು ಗಲಾತ್ಯದವರಿಗೆ ಬರೆದದ್ದು ಕ್ರೈಸ್ತಸಭೆಯ ಮೇಲೆ ಹೊರಿಸಿದ ಹೊಣೆ. ಅದನ್ನು ಕೋಲಾರ ಸೀಮೆಯ ಕೇರಿಯೊಂದರ ಜನಗಣತಿ ವರದಿಯೆಂಬಂತೆ ಓದಿಕೊಳ್ಳುವುದಕ್ಕೆ ವಿಶೇಷ ಪ್ರತಿಭೆಯೇ ಬೇಕು.

ಯಾವ ರಾಜ್ಯದಲ್ಲಿ ಯಾವ ಜಾತಿಗಳು ಪರಿಶಿಷ್ಟವೆಂದು ಪಟ್ಟಿಮಾಡುವ, 1950ರ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆದೇಶವು ತನ್ನ ಮೂರನೆಯ ಪರಿಚ್ಛೇದದಲ್ಲಿ, ಕೆಲವು ಸಿಖ್ ಸಮುದಾಯಗಳನ್ನು ಬಿಟ್ಟರೆ, ಹಿಂದೂಗಳಲ್ಲದವರನ್ನೆಲ್ಲ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಅದೇ ಪರಿಚ್ಛೇದಕ್ಕೆ ಸೇರಿಸಲಾಯಿತು. ಈ ಎರಡು ಇಸವಿಗಳನ್ನು ಎಷ್ಟು ಸಲ ಹೇಳಿದರೂ ಸಾಲದು. ಲಂಗರ್ ಎಂಬ ಸಾಮೂಹಿಕ ಊಟದ ಒಂದೇ ಪಂಕ್ತಿಯಲ್ಲಿ ಎಲ್ಲರನ್ನೂ ಕೂರಿಸಿದ ಸಿಖ್ ಗುರುಗಳು ಜಾತಿಯನ್ನು ಒಪ್ಪಿದ್ದರೇ? ನಾಗಪುರದಲ್ಲಿ ಅಂಬೇಡ್ಕರರು ಬೌದ್ಧಧರ್ಮ ಸ್ವೀಕರಿಸಿದ್ದು ಜಾತಿಯನ್ನು ಜೋಪಾನ ಮಾಡುವುದಕ್ಕೇ? ಜಾತಿಯನ್ನು ಒಪ್ಪದ ಧರ್ಮಕ್ಕೆ ಹೋದವನ ಬೆನ್ನಿಗೂ ಜಾತಿ ಅಂಟಿಕೊಂಡೇ ಬರುತ್ತದೆ ಎಂಬ ಸತ್ಯವನ್ನು ಸಂಸತ್ತು ಎರಡು ಬಾರಿ ಒಪ್ಪಿಕೊಂಡಿದೆ. ಮೂರನೆಯ ಬಾರಿಗೆ ಮಾತ್ರ ಅದಕ್ಕೆ ಧರ್ಮಶಾಸ್ತ್ರ ನೆನಪಾಗುತ್ತದೆ. 1956, 1990: ಇವುಗಳಿಗೆ ಉತ್ತರ ಕೊಡದೆ ಮತಾಂತರದ ಗುಮ್ಮನನ್ನು ತೋರಿಸುವುದು ವಾದವಲ್ಲ, ಬೆದರಿಕೆ.

ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಂತೂ ಧರ್ಮದ ಷರತ್ತೇ ಇಲ್ಲ. ದೀಕ್ಷಾಸ್ನಾನ, ಅಂದರೆ ವ್ಯಕ್ತಿಯನ್ನು ಕ್ರೈಸ್ತಸಭೆಗೆ ಸೇರಿಸುವ ಜಲಸಂಸ್ಕಾರ, ಪಡೆದ ಬುಡಕಟ್ಟಿನವನು ಬುಡಕಟ್ಟಿನವನಾಗಿಯೇ ಉಳಿಯುತ್ತಾನೆ, ಆದರೆ ಅದೇ ನೀರು ತಾಗಿದ ಮಾದಿಗನ ಮಗನಿಗೆ ಮೀಸಲು ಕ್ಷೇತ್ರವೂ ಇಲ್ಲ, ಊರಿನವರು ಜಾತಿ ಹಿಡಿದು ಬೈದು ಬಡಿದರೆ 1989ರ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯೂ ಇಲ್ಲ. ಹೊಡೆಯುವವನು ಚರ್ಚಿನ ದಾಖಲೆ ಪುಸ್ತಕ ನೋಡಿ ಹೊಡೆಯುತ್ತಾನೆಯೆ?

ಹಾಗೆಂದು ಬಿಷಪರು ದೆಹಲಿಯ ಕಡೆ ಬೆರಳು ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ, ಏಕೆಂದರೆ ಸರ್ಕಾರಕ್ಕೆ ಕಾಣದ ಜಾತಿ ಸಭೆಯೊಳಗೆ ಕಲ್ಲುಗಾರೆಯ ರೂಪದಲ್ಲೇ ಕಾಣುತ್ತದೆ. ತಮಿಳುನಾಡಿನ ವಡಕ್ಕನ್‌ಕುಲಂನಲ್ಲಿ ಪೂಜಾಪೀಠ ಒಂದೇ ಆಗಿ, ಜನ ಕೂರುವ ಸಾಲೆಗಳನ್ನು ಜಾತಿಗೊಂದರಂತೆ ಸೀಳಿ ಕಟ್ಟಿದ ಚರ್ಚಿತ್ತು, ನಡುವಿನ ಗೋಡೆ ಬೀಳುವುದಕ್ಕೆ 1910ರವರೆಗೆ ಕಾಯಬೇಕಾಯಿತು. ತಿರುಚ್ಚಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ಹೆಣಗಳಿಗೂ ಜಾತಿವಾರು ಗೋಡೆ ಎಬ್ಬಿಸಲಾಯಿತು. ದೇಹ ಮತ್ತೆ ಎದ್ದುಬರುವುದೆಂಬ ಪುನರುತ್ಥಾನದ ನಂಬಿಕೆಯನ್ನು ಭಾನುವಾರ ಭಾನುವಾರ ಪಠಿಸುವವರು, ಏಳುವಾಗ ಯಾವ ಬದಿಯಿಂದ ಏಳಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿಟ್ಟರು. ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿಯು 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ 1.9 ಕೋಟಿ ಕ್ಯಾಥೊಲಿಕರ ಪೈಕಿ 1.2 ಕೋಟಿ ಜನ ದಲಿತರೆಂದು ಒಪ್ಪಿತು, ಆದರೂ ಪೋಪರ ಕೆಳಗಿನ ಉನ್ನತ ಪದವಿಯಾದ ಕಾರ್ಡಿನಲ್ ಸ್ಥಾನಕ್ಕೆ ದಲಿತ ಮೂಲದ ಮೊದಲಿಗರು ಬರುವುದಕ್ಕೆ 2022 ಬೇಕಾಯಿತು. ಪೀಠದಲ್ಲಿ ಕೂರುವವರು ಯಾರು, ಗಂಟೆ ಹೊಡೆಯುವವರು ಯಾರು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ಕರ್ನಾಟಕವೂ ಈ ಜಾಣಕುರುಡಿಗೆ ಹೊರತಲ್ಲ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಎಂಬ ಪದ ಸೇರಿದ ಕೂಡಲೇ ಎದ್ದ ಗದ್ದಲಕ್ಕೆ ಮಣಿದು ಅಂಥ 33 ಹೆಸರುಗಳನ್ನು ಪಟ್ಟಿಯಿಂದ ತೆಗೆಯಲಾಯಿತು. ಹೆಸರು ಅಳಿಸಿದರೆ ಕೇರಿ ಅಳಿಯುತ್ತದೆಂದು ನಂಬುವವರು ಪವಾಡಗಳ ವಿಷಯದಲ್ಲಿ ಪಾದ್ರಿಗಳನ್ನೂ ಮೀರಿಸಿದ್ದಾರೆ.

ಲೂಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಯೇಸು ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿ ಬಿಚ್ಚಿ, ಬಡವರಿಗೆ ಶುಭವಾರ್ತೆ, ಜಜ್ಜಿಹೋದವರಿಗೆ ಬಿಡುಗಡೆ ಎಂಬ ಭಾಗವನ್ನು ಓದಿ, ಅದು ಈ ಹೊತ್ತೇ ನೆರವೇರಿತೆಂದ. ಸತ್ತ ಮೇಲೆ ಎನ್ನಲಿಲ್ಲ. ಅದೇ ದಿನ ಊರವರು ಅವನನ್ನು ಬೆಟ್ಟದ ಅಂಚಿನಿಂದ ತಳ್ಳಲು ಹೊರಟರೆಂಬ ಮುಂದಿನ ಭಾಗ ಪ್ರವಚನಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ನಿರೀಕ್ಷೆ, ಅಂದರೆ ದೇವರ ರಾಜ್ಯ ಬರುವುದೆಂಬ ಕ್ರೈಸ್ತ ಭರವಸೆ, ದಲಿತ ಕ್ರೈಸ್ತರ ಪಾಲಿಗೆ ಆಯೋಗದಿಂದ ಆಯೋಗಕ್ಕೆ ದಾಟಿಸುವ ಕಡತವಾಗಿದೆ: ಕೇಂದ್ರ ಸರ್ಕಾರವೇ ನೇಮಿಸಿದ ರಂಗನಾಥ ಮಿಶ್ರಾ ಆಯೋಗವು ಧರ್ಮದ ಷರತ್ತನ್ನೇ ತೆಗೆಯಬೇಕೆಂದು 2007ರಲ್ಲಿ ಹೇಳಿತು, ಅದನ್ನು ಬದಿಗಿಟ್ಟು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ರಚಿಸಿ, ಎರಡು ವರ್ಷದ ಗಡುವು ಕೊಟ್ಟು, ಆ ಗಡುವನ್ನೂ ಮುಂದೂಡಲಾಯಿತು. ಮೂರನೆಯ ಪರಿಚ್ಛೇದವನ್ನು ಪ್ರಶ್ನಿಸುವ ಅರ್ಜಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು 2004ರಲ್ಲಿ, ಆ ವರ್ಷ ದೀಕ್ಷಾಸ್ನಾನ ಪಡೆದ ಮಗು ಈಗ ಪದವಿ ಮುಗಿಸಿ ನೌಕರಿಯ ಅರ್ಜಿ ತುಂಬುವ ವಯಸ್ಸಿಗೆ ಬಂದಿದೆ, ಜಾತಿಯ ಕಾಲಮಿನಲ್ಲಿ ಏನು ಬರೆಯಬೇಕೆಂಬುದು ಅದಕ್ಕಿನ್ನೂ ತಿಳಿದಿಲ್ಲ.