ಮಹಲಿನ ನಕ್ಷೆ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಬಂದಿದ್ದ ಮಗ, ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಅಮೆರಿಕೆಯಲ್ಲಿರುವ ತನ್ನ ಅಕ್ಕನೊಡನೆ ದೂರವಾಣಿಯಲ್ಲಿ ಒಂದು ಮನೆಯ ವಿಚಾರ ಮಾತನಾಡುತ್ತಿದ್ದ. "ಊಟದ ಮನೆ ಎಡಕ್ಕೆ ಕಣಕ್ಕ, ದೊಡ್ಡ ಗಡಿಯಾರ ಇತ್ತಲ್ಲ, ಅಲ್ಲಿ" ಎನ್ನುವಾಗ ಅವನ ದನಿಯಲ್ಲಿದ್ದ ಅಕ್ಕರೆಯನ್ನು ಕೇಳಿ, ಹೊಸದುರ್ಗ ತಾಲ್ಲೂಕಿನ ನಮ್ಮ ಹಿರಿಯರ ಮನೆಯನ್ನೇ ಮಕ್ಕಳು ನೆನೆಯುತ್ತಿರುವರೆಂದು ತಿಳಿದು ನನಗೆ ಹೃದಯ ತುಂಬಿ ಬಂದಿತು. ಮರುಕ್ಷಣವೇ ಅವನು "ಕಿಟಕಿ ಒಡ್ಕೊಂಡು ನಾಯಿ ಹಾರೋ ಓಣಿ" ಎಂದ. ನಮ್ಮ ಮನೆಗೆ ಗಾಜಿನ ಕಿಟಕಿಯೇ ಇರಲಿಲ್ಲ!

ಅವರು ನೆನೆಯುತ್ತಿದ್ದುದು ಯಾರೂ ಎಂದೂ ವಾಸಿಸದ ಮನೆಯನ್ನು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು 1996ರಲ್ಲಿ ಹೊರತಂದ 'ರೆಸಿಡೆಂಟ್ ಈವಿಲ್' ಎಂಬ ವಿಡಿಯೋ ಆಟದ ಮಹಲು ಅದು. ಶಿಂಜಿ ಮಿಕಾಮಿ ಎಂಬುವರು ಅದರ ನಿರ್ದೇಶಕರು. ಕಾಣೆಯಾದ ಸಂಗಡಿಗರನ್ನು ಹುಡುಕುತ್ತ ಕಾಡಿಗೆ ಬಂದ ಪೊಲೀಸ್ ದಳವೊಂದು ನಾಯಿಗಳ ಹಿಂಡಿಗೆ ಸಿಕ್ಕಿ, ಓಡಿ ಬಂದು ಈ ಮಹಲನ್ನು ಹೊಕ್ಕು ಬಾಗಿಲು ಹಾಕಿಕೊಳ್ಳುತ್ತದೆ. ಒಳಗಿರುವುದಾದರೋ ನಡೆದಾಡುವ ಹೆಣಗಳು! ಔಷಧ ಕಂಪನಿಯೊಂದರ ಗುಪ್ತ ಪ್ರಯೋಗಶಾಲೆ ನೆಲದಡಿಯಲ್ಲಿರುತ್ತದೆ. 2002ರಲ್ಲಿ ಇದೇ ಆಟವನ್ನು ಹೊಸದಾಗಿ ರೂಪಿಸಿದಾಗ, ಮಹಲಿನ ಗುಟ್ಟು ಹೊರಬೀಳದಿರಲೆಂದು ಅದನ್ನು ಕಟ್ಟಿದ ಶಿಲ್ಪಿಯನ್ನೇ ಅದರೊಳಗೆ ಸೆರೆಯಿಟ್ಟ ಕಥೆಯನ್ನೂ ಸೇರಿಸಿದರಂತೆ.

1997ರಲ್ಲಿ ಈ ಆಟ ಕಂಪ್ಯೂಟರಿಗೂ ಬಂದಿತು. ಮಗಳ ಇಂಜಿನಿಯರಿಂಗ್ ಓದಿಗೆಂದು ಮರುವರ್ಷ ನಾನು ಸಾಲ ಮಾಡಿ ಕಂಪ್ಯೂಟರ್ ಕೊಂಡಾಗ, ಹದಿಮೂರು ವರ್ಷದ ಮಗ ಗೆಳೆಯನಿಂದ ಅದರ ಸಿ.ಡಿ. ತಂದ. ಇಬ್ಬರೂ ಕೋಣೆಯ ದೀಪವಾರಿಸಿ ಕುಳಿತುಬಿಡುತ್ತಿದ್ದರು. ಅಮೆರಿಕೆಯಲ್ಲಿ ಅದು ಹದಿನೇಳು ತುಂಬಿದವರಿಗೆ ಮಾತ್ರ ಎಂದು ಗುರುತು ಹಾಕಿ ಮಾರುತ್ತಿದ್ದ ಆಟ. ನಾನು ಬೇಡವೆಂದುದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಬೇಡವೆಂದ ರೀತಿಯನ್ನು ಮುಂದೆ ಹೇಳುತ್ತೇನೆ.

ಮಗನು ಈಗ ವಿವರಿಸಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಆ ಆಟದಲ್ಲಿ ಅಲ್ಲಿಯವರೆಗಿನ ಶ್ರಮವನ್ನು ಕಾಪಿಟ್ಟುಕೊಳ್ಳಬೇಕಾದರೆ ಬೆರಳಚ್ಚು ಯಂತ್ರವಿರುವ ಕೋಣೆಗೆ ಹೋಗಬೇಕು. ಕೈಯಲ್ಲಿ ರಿಬ್ಬನ್ ಇರಬೇಕು. ರಿಬ್ಬನ್ನುಗಳೋ ಎಣಿಕೆಯಷ್ಟೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರನಾಗಿದ್ದು, ಹಳೆಯ ರಿಬ್ಬನ್ನನ್ನೇ ತಿರುಗಿಸಿ ಹಾಕಿ ಕಾಲ ಕಳೆದವನಿಗೆ ಆ ಜಿಪುಣತನ ಅರ್ಥವಾಗದಿರುತ್ತದೆಯೆ! ಆ ಕೋಣೆಯಲ್ಲಿ ಮೆಲ್ಲನೆಯ ಸಂಗೀತವಿರುತ್ತದೆ, ಯಾವ ಪಿಶಾಚಿಯೂ ಅಲ್ಲಿಗೆ ಬಾರದು. ಆದರೆ ನಮ್ಮ ಚಿತ್ರದುರ್ಗದ ಮಕ್ಕಳಿಗೆ ಹೆಣಗಳಿಗಿಂತ ದೊಡ್ಡ ವೈರಿ ಸಂಜೆಯ ವಿದ್ಯುತ್ ಕಡಿತ. ಯಂತ್ರದ ಕೋಣೆ ಸೇರುವ ಮುನ್ನ ಕರೆಂಟು ಹೋದರೆ ಎರಡು ಗಂಟೆಯ ದುಡಿಮೆ ಮಣ್ಣುಪಾಲು. "ಅಪ್ಪಾಜಿ, ನಮಗೆ ನಿಜವಾದ ಭಯ ಇದ್ದುದು ಏಳು ಗಂಟೆಗೆ" ಎಂದು ಮಗ ನಕ್ಕ.

ಬಾಗಿಲುಗಳ ವಿಚಾರವೂ ಸ್ವಾರಸ್ಯಕರವೇ. ಒಂದೊಂದು ಬಾಗಿಲು ತೆರೆಯುವಾಗಲೂ ತೆರೆ ಕಪ್ಪಾಗಿ, ಆ ಬಾಗಿಲೊಂದೇ ಕಾಣಿಸಿ, ಕಿರುಗುಟ್ಟುತ್ತ ನಿಧಾನವಾಗಿ ತೆರೆದುಕೊಳ್ಳುತ್ತಿತ್ತು. ಮುಂದಿನ ಕೋಣೆಯ ಚಿತ್ರಗಳನ್ನು ಡಿಸ್ಕಿನಿಂದ ಓದಿಕೊಳ್ಳಲು ಯಂತ್ರಕ್ಕೆ ಬೇಕಾದ ಕಾಲಾವಕಾಶವದು. ಯಂತ್ರದ ಬಡತನವೇ ಆಟದ ಸಿರಿಯಾಯಿತು. ಆ ನಾಲ್ಕಾರು ಕ್ಷಣಗಳಲ್ಲಿ ಎದೆಬಡಿತ ಏರುತ್ತಿತ್ತು. ಕೋಣೆಗಳೂ ಮೊದಲೇ ಸಿದ್ಧಪಡಿಸಿದ ನಿಶ್ಚಲ ಚಿತ್ರಗಳಾದುದರಿಂದ ತಿರುವಿನಾಚೆ ಏನಿದೆಯೋ ಕಾಣದು, ಹೆಜ್ಜೆಯ ಸಪ್ಪಳ ಮಾತ್ರ ಕೇಳುವುದು. ಹೀಗೆ ಒಂದೊಂದು ಕೋಣೆಯನ್ನೂ ಹೆದರಿ, ಹಿಂದಿರುಗಿ, ಮತ್ತೆ ಹೊಕ್ಕು, ಕಡೆಗೆ ಕತ್ತಲಲ್ಲೂ ನಡೆಯಬಲ್ಲಷ್ಟು ತಮ್ಮದನ್ನಾಗಿ ಮಾಡಿಕೊಂಡಿದ್ದರು.

ಇದನ್ನರಿಯದೆ ನಾನು ಒಂದು ಸಂಜೆ ಸಿಟ್ಟಿನಿಂದ ಆ ಸಿ.ಡಿ.ಯನ್ನು ಮುರಿದು ಹಾಕಿದೆ. ಗೆಳೆಯನ ವಸ್ತು, ಮಗ ತನ್ನ ಜಾತ್ರೆಯ ಹಣ ಕೂಡಿಟ್ಟು ಅದರ ಬೆಲೆ ತೀರಿಸಿದನಂತೆ. ಇಪ್ಪತ್ತೈದು ವರ್ಷಕ್ಕೂ ಮೇಲಾದ ಮೇಲೆ ಈಗ ತಿಳಿಯಿತು.

ಅದಾದ ಮುಂದಿನ ಭಾನುವಾರ, ಮಕ್ಕಳಿಗೆ ಒಳ್ಳೆಯದನ್ನು ತೋರಿಸುವ ಉತ್ಸಾಹದಿಂದ ಚಂದ್ರವಳ್ಳಿಯ ಅಂಕಲಿ ಮಠಕ್ಕೆ ಕರೆದೊಯ್ದೆ. ನೋಡಿದವರಿಗೆ ಗೊತ್ತು, ದೀಪವಿಲ್ಲದೆ ಅಲ್ಲಿ ಹೆಜ್ಜೆಯಿಡುವಂತಿಲ್ಲ. ಮೆಟ್ಟಿಲಿಳಿದಂತೆ ಬಂಡೆಯೊಳಗೆ ಕೋಣೆಯಿಂದ ಕೋಣೆ, ತಲೆ ತಗ್ಗಿಸಿದರಷ್ಟೇ ದಾಟಬಹುದಾದ ಬಾಗಿಲುಗಳು. ಮಾರ್ಗದರ್ಶಿಯ ಬ್ಯಾಟರಿಯ ಬೆಳಕು ಅತ್ತ ಸರಿದೊಡನೆ ಮಗಳು ತಮ್ಮನ ಕೈ ಹಿಡಿದು, "ಥೇಟ್ ಮಹಲಿನ ಹಾಗೇ ಇದೆ ಕಣೋ" ಎಂದು ಪಿಸುಗುಟ್ಟಿದಳು. ತಪಸ್ಸು ಮಾಡಿದವರ ತಾಣವನ್ನು ಪಿಶಾಚಿಯ ಮನೆಗೆ ಹೋಲಿಸುವುದೆ ಎಂದು ಅಲ್ಲಿಯೇ ಗದರಿದೆ. ಆ ಕತ್ತಲಿಗೆ ನನ್ನ ಮಕ್ಕಳು ಬೇರೆಲ್ಲರಿಗಿಂತ ಚೆನ್ನಾಗಿ ಸಿದ್ಧರಾಗಿ ಬಂದಿದ್ದರು, ನಾನೇ ಗಮನಿಸಲಿಲ್ಲ.

ಹಬ್ಬದ ಮರುದಿನ ಅಟ್ಟದ ಪೆಟ್ಟಿಗೆಯಲ್ಲಿ ಮಗಳ ಹಳೆಯ ಕಡತ ಸಿಕ್ಕಿತು. ಅದರೊಳಗೆ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಮಹಲಿನ ನಕ್ಷೆ! ಯಾವ ಬಾಗಿಲಿಗೆ ಯಾವ ಬೀಗದಕೈ, ಕತ್ತಿಯ ಗುರುತಿನದೋ ಗುರಾಣಿಯದೋ, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾಳೆ.

ನಮ್ಮ ಹಿರಿಯರ ಮನೆಗೆ ಇಂತಹ ಒಂದು ಚೀಟಿಯೂ ಇಲ್ಲ. ಕರಲು ಮಣ್ಣಿನ ಮಾಳಿಗೆ, ಕಂಬದ ಪಡಸಾಲೆ, ಬೆಳಕಿಂಡಿಯಿಂದ ಇಳಿಯುತ್ತಿದ್ದ ಒಂದೇ ಕೋಲು ಬಿಸಿಲು, ಕಾಳು ತುಂಬುತ್ತಿದ್ದ ಹಗೇವು. ಅದರ ಬಾಯಿ ತೆರೆದಾಗ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಹಸಿಗಾಳಿಗೆ ಆಳು ಸತ್ತ ಕಥೆ ಹೇಳಿ ಅಜ್ಜಿ ಹೆದರಿಸುತ್ತಿದ್ದಳು. ದಾಯಾದಿಗಳಲ್ಲಿ ಪಾಲಾಗಿ 2009ರಲ್ಲಿ ಮನೆ ಮಾರಿದೆವು. ಜಂತೆ, ತೊಲೆಗಳು ಮರದ ವ್ಯಾಪಾರಿಯ ಲಾರಿಯೇರಿದುವು. ಮದುವೆಯ ಚಿತ್ರಗಳಲ್ಲಿ ಮುಂಬಾಗಿಲು ಮಾತ್ರ ಉಳಿದಿದೆ.

ಮಗನೇ ಹೊಸ ಗ್ರಾಫ್ ಹಾಳೆ ತಂದು, "ಹೇಳಿ ಅಪ್ಪಾಜಿ, ನಾನು ಬರೀತೀನಿ" ಎಂದ. ನಡುಮನೆಯವರೆಗೆ ಸರಾಗವಾಗಿ ನಡೆಯಿತು. ಅಟ್ಟದ ಏಣಿ ದೇವರ ಕೋಣೆಯ ಎಡಕ್ಕೋ ಬಲಕ್ಕೋ ಎಂಬಲ್ಲಿ ನನಗೂ ನನ್ನ ತಮ್ಮನಿಗೂ ಜಗಳವೇ ಆಯಿತು. ಹೊಳಲ್ಕೆರೆಯಲ್ಲಿರುವ ಅಕ್ಕನನ್ನು ಕೇಳಿದರೆ, ಏಣಿಯೇ ಅಲ್ಲ, ಗೋಡೆಯಲ್ಲೇ ಕಟ್ಟಿದ ಮೆಟ್ಟಿಲು ಎನ್ನುತ್ತಾಳೆ. ಹಾಳೆಯ ಆ ಮೂಲೆಯನ್ನು ಖಾಲಿ ಬಿಟ್ಟಿದ್ದೇವೆ. ಯುಗಾದಿಗೆ ಅವಳು ಬರುವವಳಿದ್ದಾಳೆ.