‘ಆಗದು’ ಬೇರೆ, ‘ಒಲ್ಲೆ’ ಬೇರೆ

ಕನ್ನಡದಲ್ಲಿ ‘ಆಗದು’ ಎನ್ನುವುದಕ್ಕೂ ‘ಒಲ್ಲೆ’ ಎನ್ನುವುದಕ್ಕೂ ಇರುವ ಅಂತರವನ್ನು ಮಗುವೂ ಬಲ್ಲದು. ಮೊದಲನೆಯದು ಶಕ್ತಿಯ ಮಾತು, ಎರಡನೆಯದು ಮನಸ್ಸಿನ ಮಾತು. ಈ ಅಂತರವನ್ನೇ ಅಳಿಸಿಹಾಕುವ ಪದವೊಂದನ್ನು ಗಣಕೋದ್ಯಮ ಚಲಾವಣೆಗೆ ತಂದಿದೆ: ‘ಬೆಂಬಲವಿಲ್ಲ’. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಚೆನ್ನಾಗಿ ನಡೆಯುತ್ತಿದ್ದ ಗಣಕಗಳಿಗೆ ವಿಂಡೋಸ್ 11 ಹಾಕಹೊರಟ ಅನೇಕರಿಗೆ, ಈ ಯಂತ್ರದಲ್ಲಿ ಇದು ನಡೆಯದೆಂಬ ಒಕ್ಕಣೆ ಎದುರಾಯಿತು. ಅಂಗಡಿಯವರು ಹೊಸದನ್ನು ಕೊಳ್ಳಿರೆಂದರು. ಬಹುಮಂದಿ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಿದ್ದಾರೆ. ಈ ಒಪ್ಪಿಗೆಯ ಬಗ್ಗೆಯೇ ನಮ್ಮ ತಕರಾರು.

ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಂಡ ಗಣಕಗಳ ವಿಷಯದಲ್ಲಂತೂ ಈ ಪದ ಇನ್ನಷ್ಟು ವಿಚಿತ್ರ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್‌ಗಳಲ್ಲಿ ಮದರ್‌ಬೋರ್ಡ್ ಒಂದು ಕಡೆ, ಪ್ರೊಸೆಸರ್ ಇನ್ನೊಂದು ಕಡೆ ಕೊಂಡು ಕಟ್ಟಿಸಿದ ಯಂತ್ರಗಳಿವು. ಇವುಗಳಿಗೆ ಒಟ್ಟಾರೆ ಹೊಣೆ ಹೊತ್ತ ತಯಾರಕನೇ ಇರಲಿಲ್ಲ. ಕೆಟ್ಟಾಗ ನೋಡಿಕೊಂಡದ್ದು ಜೋಡಿಸಿಕೊಟ್ಟ ಹುಡುಗ, ಇಲ್ಲವೆ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಬಲ್ಲವರು. ಎಂದೂ ಇರದಿದ್ದ ಬೆಂಬಲವನ್ನು ಈಗ ಹಿಂತೆಗೆದುಕೊಂಡರೆಂದು ಯಂತ್ರವನ್ನು ಗುಜರಿಗೆ ಹಾಕುವುದು ಎಂಥ ತರ್ಕ?

ಆದ್ದರಿಂದ ಮೊದಲು ಕೇಳಬೇಕಾದದ್ದು: ನಿರಾಕರಣೆ ಯಾರದು? ಯಂತ್ರದ್ದೋ, ಸಂಸ್ಥೆಯದೋ?

ಹಲವೆಡೆ ಯಂತ್ರಕ್ಕೆ ಶಕ್ತಿಯಿದೆ, ಆದರೆ ಅದನ್ನು ಯಾರೂ ಎಬ್ಬಿಸಿಲ್ಲ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಪ್ರತ್ಯೇಕ ಚಿಪ್ಪಾಗಿಯೇ ಇರಬೇಕೆಂದಿಲ್ಲ. ಇತ್ತೀಚಿನ ಬಹುತೇಕ ಪ್ರೊಸೆಸರ್‌ಗಳ ಫರ್ಮ್‌ವೇರಿನಲ್ಲೇ ಅದು ಅಡಗಿರುತ್ತದೆ. ಬಯಾಸ್‌ನಲ್ಲಿ ಇಂಟೆಲ್ ಅದನ್ನು ಪಿಟಿಟಿ ಎನ್ನುತ್ತದೆ, ಎಎಂಡಿ ಎಫ್‌ಟಿಪಿಎಂ ಎನ್ನುತ್ತದೆ. ಬಿಡಿಯಾಗಿ ಮಾರಾಟವಾದ ಅನೇಕ ಮದರ್‌ಬೋರ್ಡ್‌ಗಳು ಅದನ್ನು ಆರಿಸಿಟ್ಟೇ ಬಂದವು. ಇನ್ನು ಕೆಲವೆಡೆ ಡಿಸ್ಕು ಹಳೆಯ ಎಂಬಿಆರ್ ಪದ್ಧತಿಯಲ್ಲಿರುತ್ತದೆ, ಸೆಕ್ಯೂರ್ ಬೂಟ್‌ಗೆ ಜಿಪಿಟಿ ಪದ್ಧತಿ ಬೇಕು. ಕಡತಗಳನ್ನು ಅಳಿಸದೆಯೇ ಇದನ್ನು ಬದಲಿಸುವ ‘ಎಂಬಿಆರ್‌ಟುಜಿಪಿಟಿ’ ಎಂಬ ಉಪಕರಣ ವಿಂಡೋಸ್ 10ರಲ್ಲೇ ಇದೆ. ಮೊದಲು ಪ್ರತಿ ತೆಗೆದಿಡಬೇಕು, ಆಮೇಲೆ ಡಿಸ್ಕನ್ನು ಬದಲಿಸಬೇಕು, ಬಯಾಸ್‌ನಲ್ಲಿ ಹಳೆಯ ಬೂಟ್ ವಿಧಾನವನ್ನು ಆರಿಸುವುದು ಕೊನೆಗೆ. ಈ ಕ್ರಮ ತಪ್ಪಿದರೆ ಯಂತ್ರ ಏಳದೆ ಕೂರುತ್ತದೆ. ಆಗ ‘ನೋಡಿದಿರಾ, ಆಗದು ಎಂದಿರಲಿಲ್ಲವೆ?’ ಎನ್ನಲು ಜನ ಸಿದ್ಧರಿರುತ್ತಾರೆ.

ನಿಜವಾದ ‘ಆಗದು’ ಕೂಡ ಉಂಟು. ವಿಂಡೋಸ್ 11ರ 2024ರ ಆವೃತ್ತಿ, ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್ ಎಂಬ ಆದೇಶವಿಲ್ಲದಿದ್ದರೆ ಬೂಟ್ ಆಗುವುದೇ ಇಲ್ಲ. ಕೋರ್ 2 ಡ್ಯುಓ ಕಾಲದ ಯಂತ್ರಗಳಲ್ಲಿ ಅದಿಲ್ಲ. ಇಲ್ಲಿ ವಾದಕ್ಕೆ ಎಡೆಯಿಲ್ಲ. ಯಂತ್ರದ ಮಾತನ್ನು ಗೌರವಿಸಿ ಬೇರೆ ದಾರಿ ನೋಡಬೇಕು.

ನಮ್ಮ ಜಗಳ ಮೂರನೆಯ ಬಗೆಯ ನಿರಾಕರಣೆಯೊಡನೆ. ಇಂಟೆಲ್‌ನ ಏಳನೆಯ ಪೀಳಿಗೆಯ ಐ5-7400 ಬಂದದ್ದು 2017ರ ಜನವರಿಯಲ್ಲಿ. ಎಂಟನೆಯ ಪೀಳಿಗೆಯ ಐ5-8400 ಅದೇ ವರ್ಷದ ಅಕ್ಟೋಬರಿನಲ್ಲಿ. ಒಂಬತ್ತು ತಿಂಗಳ ಅಂತರದಲ್ಲಿ ಒಂದು ಅರ್ಹ, ಇನ್ನೊಂದು ಅನರ್ಹ. ಏಳನೆಯ ಪೀಳಿಗೆಗೆ ಹೊಸ ವಿಂಡೋಸನ್ನು ಹೊರುವ ಶಕ್ತಿಯೇ ಇಲ್ಲವೆನ್ನೋಣವೆ? ಅದೇ ಪೀಳಿಗೆಯ ಐ7-7820ಎಚ್‌ಕ್ಯೂ ಅರ್ಹರ ಪಟ್ಟಿಯಲ್ಲಿದೆ, ಆಧುನಿಕ ಡ್ರೈವರ್‌ಗಳೊಡನೆ ಬಂದ ಆಯ್ದ ಸಾಧನಗಳಲ್ಲಿ ಮಾತ್ರ ಎಂಬ ಷರತ್ತಿನೊಂದಿಗೆ. ಅಂಥ ಸಾಧನಗಳಲ್ಲೊಂದು ಮೈಕ್ರೋಸಾಫ್ಟ್ ತಾನೇ ತಯಾರಿಸಿ ಮಾರಿದ ಸರ್ಫೇಸ್ ಸ್ಟುಡಿಯೋ 2. ತನ್ನ ಮನೆಯ ಕೂಸಿಗೆ ಬಾಗಿಲು ತೆರೆದು ನೆರೆಮನೆಯವರಿಗೆ ಅಗುಳಿ ಹಾಕುವುದನ್ನು ‘ಆಗದು’ ಎನ್ನುವುದಿಲ್ಲ. 2021ರಲ್ಲಿ ಟಿಪಿಎಂ 1.2 ಇದ್ದರೂ ಸಾಕು, ಪಟ್ಟಿಯಲ್ಲಿಲ್ಲದ ಪ್ರೊಸೆಸರ್ ಆದರೂ ಸರಿ ಎಂಬಂತೆ ಪರೀಕ್ಷೆಯನ್ನು ದಾಟಿಸುವ ರಿಜಿಸ್ಟ್ರಿ ಸಾಲೊಂದನ್ನು ಸಂಸ್ಥೆಯೇ ಪ್ರಕಟಿಸಿತ್ತು. ಮುಂದೆ ಅದನ್ನು ತನ್ನ ಪುಟದಿಂದ ಅಳಿಸಿತು. ಅಸಾಧ್ಯವಾದದ್ದನ್ನು ಸಾಧಿಸುವ ವಿಧಾನವನ್ನು ಯಾರೂ ಬರೆದುಕೊಡುವುದಿಲ್ಲವಷ್ಟೆ.

ಎದುರು ಪಕ್ಷದ ವಾದವನ್ನು ಹಗುರ ಮಾಡಲಾರೆವು. ಟಿಪಿಎಂ ಬೀಗದ ಕೀಲಿಗಳನ್ನು ಡಿಸ್ಕಿನಿಂದ ದೂರವಿಟ್ಟು ಕಾಯುತ್ತದೆ. ಅದರ ಉಪಯೋಗ ನಿಜ. ಅನರ್ಹ ಯಂತ್ರಗಳಲ್ಲಿ ವ್ಯವಸ್ಥೆ ಕುಸಿಯುವ ಪ್ರಮಾಣ ಶೇ. 52ರಷ್ಟು ಹೆಚ್ಚೆಂದು ಮೈಕ್ರೋಸಾಫ್ಟ್ 2021ರಲ್ಲಿ ಹೇಳಿತು. ಅರ್ಹ ಯಂತ್ರಗಳಲ್ಲಿ ಶೇ. 99.8ರಷ್ಟು ಕುಸಿತವಿಲ್ಲದ ಅನುಭವ ಎಂದೂ ಜೊತೆಗೇ ಹೇಳಿತು. ಎರಡನ್ನೂ ಒಂದೇ ಅಳತೆಯೆಂದು ಹಿಡಿದರೆ ಸಾವಿರಕ್ಕೆ ಎರಡಿದ್ದದ್ದು ಮೂರಾಗುತ್ತದೆ. ಇಷ್ಟಕ್ಕೆ ಕೆಲಸಮಾಡುವ ಯಂತ್ರವನ್ನು ಹೊರಗೆಸೆಯಬೇಕೆ ಎಂಬುದನ್ನು ತೀರ್ಮಾನಿಸಬೇಕಾದವರು ಕೊಂಡವರು.

ಪಟ್ಟಿಯ ಹೊರಗಿನ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಭರವಸೆಯನ್ನು ಸಂಸ್ಥೆ ಕೊಡುವುದಿಲ್ಲ. ವಾರ್ಷಿಕ ಆವೃತ್ತಿಗಳನ್ನು ಕೈಯಾರೆ ಹಾಕಿಕೊಳ್ಳಬೇಕಾಗುತ್ತದೆ. ಇದನ್ನು ಬಲ್ಲವರು ಹಾಕಿಕೊಳ್ಳಲಿ. ಬ್ಯಾಂಕಿನ ವ್ಯವಹಾರವಿರುವ, ನೋಡಿಕೊಳ್ಳಲು ಯಾರೂ ಇಲ್ಲದ ಹಿರಿಯರ ಯಂತ್ರಕ್ಕೆ ನಾವು ಈ ದಾರಿ ಹೇಳುವುದಿಲ್ಲ. ಅಲ್ಲಿ ಲಿನಕ್ಸ್ ಇದೆ. ಪ್ರೊಸೆಸರ್‌ನ ಹುಟ್ಟಿದ ವರ್ಷ ನೋಡಿ ಅದು ಬಾಗಿಲು ಹಾಕುವುದಿಲ್ಲ, ಯುನಿಕೋಡ್ ಕನ್ನಡ ಅದರಲ್ಲಿ ಸಲೀಸಾಗಿ ನಡೆಯುತ್ತದೆ.

ಆದರೆ ಹೊರನಾಡಿನ ಸಂಘಗಳು ಒಂದು ಕೆಲಸವನ್ನು ಮೊದಲು ಮಾಡಬೇಕು. ನಮ್ಮ ಹಳೆಯ ಸ್ಮರಣಸಂಚಿಕೆಗಳು, ನಾಟಕದ ಪ್ರತಿಗಳು, ಸಭೆಯ ನಡಾವಳಿಗಳು ನುಡಿ, ಬರಹಗಳ ಹಳೆಯ ಅಕ್ಷರಸಂಕೇತದಲ್ಲಿ ಇಂಥ ಯಂತ್ರಗಳಲ್ಲೇ ಮಲಗಿವೆ. ಆ ಫಾಂಟ್ ಇಲ್ಲದ ಹೊಸ ಗಣಕದಲ್ಲಿ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ತೆರೆದು ನೋಡಿದವರು ಕೆಟ್ಟ ಕಡತವೆಂದು ಅಳಿಸಿಬಿಡುತ್ತಾರೆ. ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಹಳೆಯ ಯಂತ್ರ ಉಸಿರಾಡುತ್ತಿರುವಾಗಲೇ ಅದೇ ಯಂತ್ರದಲ್ಲಿ ತೆರೆದು, ಪರಿವರ್ತಿಸಿ, ಓದಿ ತಿದ್ದಿ, ಎರಡು ಕಡೆ ಪ್ರತಿ ಇಡಬೇಕು. ‘ಬೆಂಬಲವಿಲ್ಲ’ ಎಂಬ ಒಂದು ಒಕ್ಕಣೆಗೆ ಹೆದರಿ ಗುಜರಿಗೆ ಕೊಟ್ಟ ಗಣಕದೊಂದಿಗೆ ಒಂದು ಸಂಘದ ಮೂವತ್ತು ವರ್ಷಗಳ ಬರವಣಿಗೆಯೂ ಹೋಗಬಹುದು. ದೆಹಲಿಯ ಸೀಲಂಪುರದಲ್ಲಿ ಬೋರ್ಡುಗಳನ್ನು ಬಿಡಿಸಿ ಲೋಹ ತೆಗೆಯುವ ಕೈಗಳಿಗೆ ಡಿಸ್ಕಿನಲ್ಲಿ ಏನಿತ್ತೆಂಬುದು ತಿಳಿಯುವುದಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಯಂತ್ರಕ್ಕೆ ಶಕ್ತಿಯಿಲ್ಲದಿದ್ದರೆ ತೆರೆಯ ಮೇಲೆ ಹಾಗೆಂದೇ ಬರೆಯಲಿ. ಬಯಾಸ್‌ನಲ್ಲಿ ಆರಿಸಿಟ್ಟದ್ದಾದರೆ ಎಲ್ಲಿ ಹಚ್ಚಬೇಕೆಂದು ತೋರಿಸಲಿ. ಸಂಸ್ಥೆಗೆ ಮನಸ್ಸಿಲ್ಲದಿದ್ದರೆ ‘ಒಲ್ಲೆ’ ಎಂದು ತನ್ನ ಹೆಸರಿನಲ್ಲೇ ಹೇಳಲಿ. ಹಾಗೆ ಹೇಳುವ ತನಕ ನಮ್ಮ ಓದುಗರು ಆ ಒಕ್ಕಣೆಯನ್ನು ಕೊನೆಯ ತೀರ್ಪೆಂದು ತಿಳಿಯದೆ, ಒಮ್ಮೆ ಬಯಾಸ್ ತೆರೆದು ನೋಡಲಿ.