ಸೈಲೆನ್ಸರ್ ಕಳಚಿದ ಬೈಕು, ಕಿವಿ ಮುಚ್ಚಲಾಗದ ಕಣಿವೆ

ಮೋಟಾರ್ ಸೈಕಲ್ಲಿನ ಹೊಗೆಕೊಳವೆಗೆ ಸೈಲೆನ್ಸರ್ ಎಂಬ ಹೆಸರು ಬಂದದ್ದು ಅದು ಸದ್ದನ್ನು ಅಡಗಿಸುತ್ತದೆ ಎಂಬ ಕಾರಣಕ್ಕೆ. ಈಗ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿರುವ ಅನೇಕ ಕೊಳವೆಗಳ ಗುಣ ಇದಕ್ಕೆ ತದ್ವಿರುದ್ಧ. ಕಂಪನಿಯಿಂದ ಬಂದ ಸೈಲೆನ್ಸರನ್ನು ಕಳಚಿ, ಪೇಟೆಯ ವರ್ಕ್‌ಶಾಪಿನಲ್ಲಿ ಬೇರೊಂದನ್ನು ಹಾಕಿಸಿಕೊಂಡು ಘಟ್ಟ ಹತ್ತುವ ಖಯಾಲಿ ಮಲೆನಾಡಿನ ರಸ್ತೆಗಳಿಗೆ ಹೊಸದೇನಲ್ಲ. ಮುಳ್ಳಯ್ಯನಗಿರಿ, ಚಾರ್ಮಾಡಿ, ಆಗುಂಬೆ, ತಲಕಾವೇರಿಯ ದಾರಿಗಳ ಅಂಚಿನಲ್ಲಿ ಬದುಕುವವರಿಗೆ ವಾರಾಂತ್ಯದ ಈ ಅಬ್ಬರದ ಪರಿಚಯ ಹೇಳಬೇಕಾಗಿಲ್ಲ. ಆದರೆ ಇದನ್ನು ಕೇವಲ ನಗರದಿಂದ ಬಂದವರ ಪುಂಡಾಟವೆಂದು ಕೈತೊಳೆದುಕೊಳ್ಳುವಂತಿಲ್ಲ. ಊರಿನ ಹುಡುಗರ ಬೈಕುಗಳೂ ಈಗ ಅದೇ ದನಿಯಲ್ಲಿ ಮಾತನಾಡುತ್ತಿವೆ.

ಈ ಕೊಳವೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಉರಿದ ಬಳಿಕ ವಾಲ್ವ್ ತೆರೆದು, ಒತ್ತಡದಲ್ಲಿದ್ದ ಬಿಸಿ ಅನಿಲ ಒಮ್ಮೆಲೇ ಹೊರನುಗ್ಗುತ್ತದೆ. ನಾಲ್ಕು ಸ್ಟ್ರೋಕಿನ, ಒಂದೇ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಇಂಥ ಆಸ್ಫೋಟ ನಿಮಿಷಕ್ಕೆ 2000 ಸಲ ಆಗುತ್ತದೆ. ಕಂಪನಿಯ ಸೈಲೆನ್ಸರಿನಲ್ಲಿರುವ ಅಡ್ಡಗೋಡೆಗಳು, ಕೋಣೆಗಳು, ತೂತಿನ ಕೊಳವೆಗಳು ಈ ಅಲೆಗಳನ್ನು ಹಿಂದಕ್ಕೂ ಮುಂದಕ್ಕೂ ಬಡಿದಾಡಿಸಿ ಒಂದರಿಂದ ಒಂದನ್ನು ಅಡಗಿಸುತ್ತವೆ. ಬದಲಿ ಕೊಳವೆಗಳಲ್ಲಿ ಹಲವು ಒಳಗೆ ನೇರವಾಗಿವೆ. ಸುತ್ತ ಒಂದಿಷ್ಟು ಗಾಜಿನ ಉಣ್ಣೆ ಮಾತ್ರ. ಆ ಉಣ್ಣೆ ಕಾಲಕ್ರಮದಲ್ಲಿ ಸುಟ್ಟು ಹಾರಿಹೋಗುವುದರಿಂದ ಸದ್ದು ಮತ್ತಷ್ಟು ಏರುತ್ತದೆ. ಕೆಲವಕ್ಕೆ ತುದಿಯಲ್ಲಿ ‘ಡಿಬಿ ಕಿಲ್ಲರ್’ ಎಂಬ ಸಣ್ಣ ತಡೆ ಇರುತ್ತದೆ. ಒಂದು ಬೋಲ್ಟು ಬಿಚ್ಚಿದರೆ ಅದೂ ಕೈಗೆ ಬರುತ್ತದೆ; ಪೇಟೆ ದಾಟಿದ ಮೇಲೆ ಅದು ಸವಾರನ ಜೇಬು ಸೇರುವುದೂ ಉಂಟು.

ಸದ್ದು ಹೆಚ್ಚಾದರೆ ಶಕ್ತಿಯೂ ಹೆಚ್ಚಿತು ಎಂಬ ನಂಬಿಕೆ ಈ ವ್ಯಾಪಾರದ ಬಂಡವಾಳ. ಪಂದ್ಯದ ಬೈಕುಗಳಲ್ಲಿ ಕೊಳವೆಯ ಜತೆಗೆ ಇಂಧನದ ಪ್ರಮಾಣವನ್ನೂ ಮರುಹೊಂದಿಸುತ್ತಾರೆ, ಅಲ್ಲಿ ಲಾಭವಿದೆ. ದಿನಬಳಕೆಯ ಬೈಕಿನಲ್ಲಿ ಕೊಳವೆಯೊಂದನ್ನೇ ಬದಲಿಸಿದರೆ ಸಿಗುವುದು ಅತ್ಯಲ್ಪ. ಕೊಳವೆಯ ಉದ್ದ ಮತ್ತು ವ್ಯಾಸ ಎಂಜಿನ್ನಿಗೆ ಹೊಂದದಿದ್ದಲ್ಲಿ ಕಡಿಮೆ ವೇಗದ ಎಳೆತವೇ ಕುಗ್ಗುತ್ತದೆ. ತಿರುವಿನಲ್ಲಿ ಎರಡನೇ ಗೇರಿಗೆ ಇಳಿದು ಏರು ಹತ್ತಬೇಕಾದ ಘಟ್ಟದಲ್ಲಿ ಬೇಕಾಗಿರುವುದೂ ಆ ಎಳೆತವೇ. ಇನ್ನು ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ, ಉರಿಯದೆ ಉಳಿದ ಪೆಟ್ರೋಲು ಬಿಸಿ ಕೊಳವೆಯಲ್ಲಿ ಹೊತ್ತಿಕೊಂಡು ‘ಪಟಪಟ’ ಸಿಡಿಯುತ್ತದೆ. ಅನೇಕರು ಇದನ್ನೇ ಗತ್ತೆಂದು ಭಾವಿಸಿದ್ದಾರೆ.

ಸದ್ದಿನಷ್ಟೇ ಗಂಭೀರವಾದುದು ಹೊಗೆಯ ಸಂಗತಿ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಬೈಕುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹಗಳ ತೆಳುಲೇಪವಿರುವ ಈ ಜೇನುಗೂಡಿನಂಥ ಭಾಗವು ಕಾರ್ಬನ್ ಮಾನಾಕ್ಸೈಡ್, ಉರಿಯದ ಹೈಡ್ರೋಕಾರ್ಬನ್ ಮತ್ತು ಸಾರಜನಕದ ಆಕ್ಸೈಡುಗಳನ್ನು ಬಹುಮಟ್ಟಿಗೆ ನಿರುಪದ್ರವಗೊಳಿಸುತ್ತದೆ. ಕೆಲವು ಬೈಕುಗಳಲ್ಲಿ ಇದು ಎಂಜಿನ್ನಿಗೆ ತಾಗಿದ ಬಾಗುಕೊಳವೆಯಲ್ಲಿದ್ದರೆ, ಕೆಲವದರಲ್ಲಿ ಸೈಲೆನ್ಸರಿನ ಒಳಗೇ ಇದೆ. ಪೂರ್ತಿ ಕೊಳವೆಯನ್ನೇ ಬದಲಿಸಿದಾಗ ಹೊಗೆಯನ್ನು ತೊಳೆಯುವ ಈ ವ್ಯವಸ್ಥೆ ಗುಜರಿಗೆ ಹೋಗುತ್ತದೆ.

ಬಯಲುಸೀಮೆಯ ಹೆದ್ದಾರಿಯಲ್ಲಿ ಎದ್ದ ಸದ್ದು ಅಲ್ಲಿನ ಗದ್ದಲದಲ್ಲಿ ಬೆರೆತುಹೋಗಬಹುದು. ಕಣಿವೆಯಲ್ಲಿ ಹಾಗಲ್ಲ. ಇಲ್ಲಿನ ಮೌನ ಆಳವಾದುದು. ಏರಿನಲ್ಲಿ ಎಂಜಿನ್ ಹೆಚ್ಚು ದುಡಿಯುತ್ತದೆ. ಎದುರಿನ ಗುಡ್ಡ ಸದ್ದನ್ನು ಮರಳಿಸುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 10ರಷ್ಟು ಏರಿಕೆಯೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. ಕಿವಿಗೆ ಅದು ಸುಮಾರು ಎರಡು ಪಟ್ಟಿನಂತೆ ಕೇಳಿಸುತ್ತದೆ. ಒಬ್ಬ ಸವಾರನ ಹತ್ತು ನಿಮಿಷದ ಸಂತೋಷಕ್ಕೆ ಇಡೀ ಕಣಿವೆ ಕಿವಿಗೊಡಬೇಕಾಗುತ್ತದೆ.

ಮಲೆನಾಡಿನಲ್ಲಿ ಕಿವಿ ಎಂಬುದು ಜೀವರಕ್ಷಣೆಯ ಸಾಧನವೂ ಹೌದು. ಸಕಲೇಶಪುರ, ಕೊಡಗು, ಮೂಡಿಗೆರೆಯ ಕಾಫಿ ತೋಟಗಳ ನಡುವಿನ ದಾರಿಯಲ್ಲಿ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ನಡೆದುಹೋಗುವವರಿಗೆ ಆನೆಯ ಸುಳಿವು ಕಣ್ಣಿಗಿಂತ ಮೊದಲು ಸಿಗುವುದು ಕಿವಿಗೆ. ಬಿದಿರು ಮುರಿದ ಸದ್ದು, ತರಗೆಲೆ ಸರಿದ ಸದ್ದು, ಒಂದು ಉಸಿರು. ಆ ಸೂಚನೆಯನ್ನು ಅಬ್ಬರ ನುಂಗಿಹಾಕಿದರೆ ಅಪಾಯ ಎದುರಾಗುವುದು ಕಾಲ್ನಡಿಗೆಯ ಕೂಲಿಗಾರರಿಗೆ. ಆನೆಗಳನ್ನು ತೋಟದಿಂದ ಅಟ್ಟಲು ಪಟಾಕಿ ಸಿಡಿಸುವ ಊರುಗಳಲ್ಲಿ, ಪಟಾಕಿಯಂತೆಯೇ ಸಿಡಿಯುವ ಬೈಕನ್ನು ಆನೆ ಏನೆಂದು ತಿಳಿಯಬೇಕು? ಕೆರಳಿಸಿದವನು ತಿರುವು ದಾಟಿ ಹೋಗಿರುತ್ತಾನೆ. ಹಿಂದೆ ನಡೆದು ಬರುವವರು ಅಲ್ಲೇ ಉಳಿದಿರುತ್ತಾರೆ.

ಮಾತು ಬಾರದ ಜೀವಿಗಳ ಪಾಡನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಹಾಲೆಂಡಿನ ಲೈಡನ್ ನಗರದ ಅಧ್ಯಯನವೊಂದು, ಗದ್ದಲದ ಜಾಗಗಳಲ್ಲಿ ವಾಸಿಸುವ ಚೇಕಡಿ ಜಾತಿಯ ಹಕ್ಕಿಗಳು ವಾಹನಗಳ ಮೊರೆತಕ್ಕಿಂತ ಮೇಲಿನ ಸ್ವರದಲ್ಲಿ ಹಾಡುತ್ತವೆ ಎಂದು 2003ರಲ್ಲಿ ತೋರಿಸಿತು. ಅಮೆರಿಕದ ಐಡಹೋ ರಾಜ್ಯದ ವಿಜ್ಞಾನಿಗಳು ರಸ್ತೆಯೇ ಇಲ್ಲದ ಬೆಟ್ಟದ ಸಾಲಿನಲ್ಲಿ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ ಧ್ವನಿವರ್ಧಕಗಳನ್ನಿಟ್ಟು, ವಾಹನಗಳ ಸದ್ದನ್ನು ಮಾತ್ರ ಕೇಳಿಸಿದರು. ಅಲ್ಲಿ ಡಾಮರಿಲ್ಲ, ಹೊಗೆಯಿಲ್ಲ, ಚಕ್ರವಿಲ್ಲ. ಆದರೂ ಹಕ್ಕಿಗಳ ಸಂಖ್ಯೆ ಕಾಲುಭಾಗಕ್ಕೂ ಹೆಚ್ಚು ಕುಸಿಯಿತೆಂದು 2013ರಲ್ಲಿ ಪ್ರಕಟವಾಯಿತು. ಮಳೆಗಾಲದ ಇರುಳಿನಲ್ಲಿ ಕೂಗಿ ಜೋಡಿಯನ್ನು ಕರೆಯುವ ಕಪ್ಪೆ, ದನಿಯಿಂದಲೇ ಗುಂಪನ್ನು ಕೂಡಿಸಿಕೊಳ್ಳುವ ಸಿಂಗಳೀಕ, ಕಣಿವೆಯಾಚೆಗೆ ಕರೆ ಕಳಿಸುವ ಮಂಗಟ್ಟೆ, ಇವೆಲ್ಲ ಸದ್ದಿನ ಮೇಲೆ ಬದುಕು ಕಟ್ಟಿಕೊಂಡ ಜೀವಿಗಳೇ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಪ್ರತಿ ವಾಹನಕ್ಕೂ ಸದ್ದನ್ನು ಸಾಧ್ಯವಿದ್ದಷ್ಟು ತಗ್ಗಿಸುವ ಸಾಧನವಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. 2019ರ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ವಾಹನದ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಬದುಕುವ ಹಕ್ಕಿನಲ್ಲಿ ಅನಗತ್ಯ ಸದ್ದಿನಿಂದ ಮುಕ್ತಿಯೂ ಸೇರಿದೆ ಎಂಬ ತಿರುಳಿನ ತೀರ್ಪನ್ನು ಸುಪ್ರೀಂ ಕೋರ್ಟ್ 2005ರ ಜುಲೈ 18ರಂದೇ ನೀಡಿದೆ. ಕಿತ್ತ ಸೈಲೆನ್ಸರುಗಳನ್ನು ಪೊಲೀಸರು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳು ರಾಜ್ಯದ ಹಲವು ಊರುಗಳಿಂದ ಬಂದಿವೆ. ಅದರಿಂದ ಒಂದು ದಿನದ ಎಚ್ಚರ ಮೂಡೀತು. ಆದರೆ ಅಂಥ ಕೊಳವೆ ಅಂಗಡಿಯಲ್ಲಿ ರಾಜಾರೋಷವಾಗಿ ತೂಗುತ್ತಿರುವವರೆಗೆ ರೋಲರಿಗೆ ಕೆಲಸ ತಪ್ಪುವುದಿಲ್ಲ.

ಇಲ್ಲಿ ಒಂದು ನ್ಯಾಯದ ಪ್ರಶ್ನೆಯನ್ನೂ ಮರೆಯಬಾರದು. ಸದ್ದು ಮಾಡುವ ಬೈಕುಗಳೆಲ್ಲ ಶೋಕಿಯವಲ್ಲ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಕೊಳವೆಯ ಮೂಲಕ ಹೊರಬರಬೇಕು. ಮನೆಯಿಂದ ಡೇರಿಗೆ, ಡೇರಿಯಿಂದ ತೋಟಕ್ಕೆ ಎಂಬಂತಹ ಗಿಡ್ಡ ಓಡಾಟದಲ್ಲಿ ಕೊಳವೆ ಸಾಕಷ್ಟು ಕಾಯುವುದಿಲ್ಲ. ಆವಿ ಒಳಗೇ ನೀರಾಗಿ ನಿಲ್ಲುತ್ತದೆ. ಹೊರಗೆ ಮಲೆನಾಡಿನ ಮಳೆ, ಒಳಗೆ ಈ ನೀರು. ಸೈಲೆನ್ಸರ್ ಎರಡೂ ಕಡೆಯಿಂದ ತುಕ್ಕು ಹಿಡಿದು ತೂತಾಗುತ್ತದೆ. ಕನ್ವರ್ಟರ್ ಒಳಗೊಂಡ ಅಸಲಿ ಸೈಲೆನ್ಸರಿನ ಬೆಲೆ ಕೇಳಿ ಬೆಚ್ಚಿದ ರೈತ, ಮೆಕ್ಯಾನಿಕ್ ತೋರಿಸಿದ ಅಗ್ಗದ ಕೊಳವೆಯನ್ನು ಹಾಕಿಸಿಕೊಳ್ಳುತ್ತಾನೆ. ಗತ್ತಿಗಾಗಿ ಕೊಳವೆ ಬದಲಿಸಿದವನನ್ನೂ ಗತಿಯಿಲ್ಲದೆ ಬದಲಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ತೂತು ಚಿಕ್ಕದಿರುವಾಗಲೇ ವೆಲ್ಡಿಂಗ್ ಮಾಡಿಸುವುದು, ಜೋಡಣೆಯ ಗ್ಯಾಸ್ಕೆಟ್ ಬದಲಿಸುವುದು, ಕೊಳವೆಯಡಿ ನೀರು ಸೋರಲು ಬಿಟ್ಟ ಸಣ್ಣ ರಂಧ್ರ ಕೆಸರಿನಿಂದ ಮುಚ್ಚದಂತೆ ನೋಡಿಕೊಳ್ಳುವುದು ಇವು ಸುಲಭದ ದಾರಿಗಳು.

ಉಳಿದದ್ದು ಊರಿನ ಕೈಯಲ್ಲಿದೆ. ಶಾಲೆ, ಆಸ್ಪತ್ರೆಗಳ ಸುತ್ತ ನಿಶ್ಶಬ್ದ ವಲಯ ಘೋಷಿಸಲು 2000ದ ಶಬ್ದಮಾಲಿನ್ಯ ನಿಯಮಗಳು ಅವಕಾಶ ನೀಡುತ್ತವೆ. ಅದಕ್ಕಾಗಿ ಗ್ರಾಮಸಭೆಗಳು ನಿರ್ಣಯ ಮಾಡಿ ಕಳಿಸಬಹುದು. ಹೋಂಸ್ಟೇಗಳು ಅಬ್ಬರದ ಬೈಕುಗಳಿಗೆ ಅಂಗಳ ತೆರೆಯುವುದಿಲ್ಲವೆಂದು ಬುಕಿಂಗಿನ ಸಮಯದಲ್ಲೇ ತಿಳಿಸಬಹುದು. ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಬಾಟಲಿ ತಪಾಸಣೆ ಮಾಡುವ ಇಲಾಖೆಗಳು ಸೈಲೆನ್ಸರಿನ ಕಡೆಗೂ ಒಮ್ಮೆ ಬಗ್ಗಿ ನೋಡಲಿ. ಮೆಕ್ಯಾನಿಕ್‌ಗಳು ಇಂಥ ಕೆಲಸವನ್ನು ಒಲ್ಲೆನೆನ್ನಲಿ. ಎಲ್ಲಕ್ಕಿಂತ ಹೆಚ್ಚಾಗಿ, ಹೊಸ ಬೈಕಿನ ಕನಸು ಕಾಣುವ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಯೋಚಿಸಲಿ: ಕಣ್ಣಿಗೆ ರೆಪ್ಪೆಯಿದೆ, ಬೇಡವಾದದ್ದನ್ನು ಕಾಣದಿರಬಹುದು, ಕಿವಿಗೆ ಅಂಥ ಕದವಿಲ್ಲ. ತೊಟ್ಟಿಲ ಕೂಸಿಗೂ ಇಲ್ಲ, ಹಾಸಿಗೆ ಹಿಡಿದ ಹಿರಿಯರಿಗೂ ಇಲ್ಲ, ಕಾಡಿನ ಕಡವೆಗೂ ಇಲ್ಲ. ಅವರೆಲ್ಲರ ಪಾಲಿನ ಕದವನ್ನು ಕಂಪನಿಯವರು ಬೈಕಿನ ಹಿಂಬದಿಗೆ ಜೋಡಿಸಿ ಕೊಟ್ಟಿದ್ದಾರೆ. ಅದನ್ನು ಕಿತ್ತೆಸೆಯುವ ಅಧಿಕಾರ ಸವಾರನೊಬ್ಬನದಲ್ಲ.